ಡೀಸೆಲ್ಲೋ ಬ್ಯಾಟರಿಯೋ? ಮೊದಲು ಅವರ್ ಮೀಟರ್ ನೋಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ. ಈ ಸಂಚಿಕೆಯಲ್ಲಿ: ಫೋರ್ಕ್‌ಲಿಫ್ಟ್

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಎರಕದ ಬಿಡಿಭಾಗಗಳಿಗೆ ಮಷೀನಿಂಗ್ ಮಾಡುವ ಘಟಕ. 3 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟಿಗೆ ವಯಸ್ಸಾಯಿತು, ಹೊಸದು ಕೊಳ್ಳಬೇಕು. ಎಲೆಕ್ಟ್ರಿಕ್ ತಗೊಂಡರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಒಬ್ಬ ಡೀಲರ್, ಉಳಿಸಿದ್ದೆಲ್ಲ ಬ್ಯಾಟರಿಗೇ ಹೋಗುತ್ತದೆ ಎಂದು ಇನ್ನೊಬ್ಬ ಡೀಲರ್. ಯಾರನ್ನು ನಂಬಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ನಿಮ್ಮ ಗಾಡಿ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಇಬ್ಬರೂ ಕೇಳಿದಂತಿಲ್ಲ.

3 ಟನ್ನಿನ ಎಲೆಕ್ಟ್ರಿಕ್ ಗಾಡಿಗೆ ಸಾಮಾನ್ಯವಾಗಿ 80 ವೋಲ್ಟಿನ ಬ್ಯಾಟರಿ ಬರುತ್ತದೆ. 600 ಆಂಪಿಯರ್ ಅವರ್ ಎಂದು ಹಿಡಿದರೆ 80 × 600 = 48,000 ವ್ಯಾಟ್ ಅವರ್, ಅಂದರೆ 48 ಯೂನಿಟ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಶೇ. 80ಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಆದ್ದರಿಂದ ಕೈಗೆ ಸಿಗುವುದು 38 ಯೂನಿಟ್. ಅಷ್ಟನ್ನು ಮತ್ತೆ ತುಂಬಲು ಗೋಡೆಯ ಮೀಟರಿನಲ್ಲಿ ಸುಮಾರು 50 ಯೂನಿಟ್ ಓಡುತ್ತದೆ. ಮಿಕ್ಕದ್ದು ಚಾರ್ಜರಿನಲ್ಲೂ ಬ್ಯಾಟರಿಯಲ್ಲೂ ಬಿಸಿಯಾಗಿ ಹೋಗುತ್ತದೆ. ಮಧ್ಯಮ ಕೆಲಸಕ್ಕೆ ಇಷ್ಟು ಚಾರ್ಜು ಸುಮಾರು 6 ಗಂಟೆ ಸಾಕು. ಯೂನಿಟ್ಟಿಗೆ 8 ರೂಪಾಯಿಯಂತೆ 400 ರೂಪಾಯಿ, ಗಂಟೆಗೆ 67 ಬಿತ್ತು. ಇದೇ ಕೆಲಸಕ್ಕೆ ಡೀಸೆಲ್ ಗಾಡಿ ಗಂಟೆಗೆ 3 ಲೀಟರ್ ಕುಡಿಯುತ್ತದೆ, ಲೀಟರಿಗೆ 90 ಎಂದರೆ 270. ಕಾಲು ಭಾಗದ ಮಾತು ಇಲ್ಲಿಂದ ಬಂದದ್ದು.

ಈಗ ಎರಡನೆಯ ಡೀಲರ್ ಮಾತು. ಚೆನ್ನಾಗಿ ನೋಡಿಕೊಂಡ ಲೆಡ್ ಆ್ಯಸಿಡ್ ಬ್ಯಾಟರಿ 1,200ರಿಂದ 1,500 ಸಲ ಚಾರ್ಜ್ ಆಗುತ್ತದೆ. ಹೊಸ ಬ್ಯಾಟರಿಗೆ 4.5 ಲಕ್ಷ ಎಂದಿಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ಹಿಡಿದ ಬೆಲೆ, ನೀವು ತರಿಸುವ ಕೊಟೇಶನ್ನಿನ ಅಂಕಿ ಹಾಕಿಕೊಳ್ಳಿ). 1,300 ಚಾರ್ಜ್, ಒಂದಕ್ಕೆ 6 ಗಂಟೆ, ಒಟ್ಟು 7,800 ಗಂಟೆ. ಹಾಗಾಗಿ ಗಂಟೆಗೆ 58 ರೂಪಾಯಿ ಬ್ಯಾಟರಿ ಸವೆತ, ಕರೆಂಟು ಸೇರಿ 125. ಡೀಸೆಲ್ ಕಡೆ ಎಂಜಿನ್ ಆಯಿಲ್, ಫಿಲ್ಟರ್ ಎಂದು ಗಂಟೆಗೆ 20 ಸೇರಿಸಿದರೆ 290. ದಿನಕ್ಕೆ 6 ಗಂಟೆ, ವರ್ಷಕ್ಕೆ 300 ದಿನ ಓಡಿಸುವವರಿಗೆ ಉಳಿತಾಯ ಹತ್ತಿರ ಹತ್ತಿರ 3 ಲಕ್ಷ.

ಅದೇ ಗಾಡಿ ದಿನಕ್ಕೆ 2 ಗಂಟೆ ಮಾತ್ರ ಓಡಿದರೆ ಲೆಕ್ಕವೇ ಬೇರೆ. ಓಡಲಿ ಬಿಡಲಿ, ಬ್ಯಾಟರಿಗೆ ವಯಸ್ಸಾಗುತ್ತದೆ; ಆರು ವರ್ಷಕ್ಕಿಂತ ಹೆಚ್ಚು ನಂಬಬೇಡಿ. ಆರು ವರ್ಷಕ್ಕೆ 3,600 ಗಂಟೆ, ಗಂಟೆಗೆ ಬ್ಯಾಟರಿ ಸವೆತವೇ 125. ಕರೆಂಟು ಸೇರಿ 192. ಆಗ ವರ್ಷದ ಉಳಿತಾಯ 60 ಸಾವಿರವನ್ನೂ ಮುಟ್ಟುವುದಿಲ್ಲ. ಬ್ಯಾಟರಿ ಬೆಲೆಯನ್ನು ಗಂಟೆ ಲೆಕ್ಕದಲ್ಲಿ ಆಗಲೇ ಹಿಡಿದಾಗಿದೆ. ಅದನ್ನು ಬಿಟ್ಟು ಗಾಡಿ, ಚಾರ್ಜರ್ ಮಾತ್ರ ಡೀಸೆಲ್ ಗಾಡಿಗಿಂತ 3 ಲಕ್ಷ ಹೆಚ್ಚಾದರೆ, ಆರು ಗಂಟೆಯವರಿಗೆ ಒಂದು ವರ್ಷದಲ್ಲಿ ದುಡ್ಡು ವಾಪಸ್ಸು, ಎರಡು ಗಂಟೆಯವರಿಗೆ ಐದು ವರ್ಷ.

ಗಂಟೆ ಲೆಕ್ಕವನ್ನು ನೆನಪಿನಿಂದ ಹೇಳಬೇಡಿ. ನಾಲ್ಕು ಶನಿವಾರ ಅವರ್ ಮೀಟರ್ (ಗಾಡಿ ಎಷ್ಟು ಗಂಟೆ ಓಡಿತು ಎಂದು ತೋರಿಸುವ ಮೀಟರು) ಬರೆದಿಡಿ, ಪ್ರತಿ ಸಲ ಟ್ಯಾಂಕ್ ಕಂಠಮಟ್ಟ ತುಂಬಿಸಿ ಲೀಟರ್ ಬರೆದಿಡಿ. ಒಂದು ಮೋಸ ಇಲ್ಲಿದೆ: ಡೀಸೆಲ್ ಗಾಡಿಯ ಮೀಟರು ಎಂಜಿನ್ ಸುಮ್ಮನೆ ಗುರುಗುಟ್ಟುವಾಗಲೂ ಓಡುತ್ತಲೇ ಇರುತ್ತದೆ. ಲಾರಿ ಬರುವವರೆಗೆ ಸ್ಟಾರ್ಟಿನಲ್ಲೇ ನಿಲ್ಲಿಸಿಕೊಳ್ಳುವ ಅಭ್ಯಾಸ ನಿಮ್ಮ ಆಪರೇಟರಿಗಿದ್ದರೆ ಮೀಟರಿನ 8 ಗಂಟೆಯಲ್ಲಿ ನಿಜವಾದ ಕೆಲಸ 5 ಗಂಟೆಯೂ ಇರಲಿಕ್ಕಿಲ್ಲ. ಎಲೆಕ್ಟ್ರಿಕ್ ಗಾಡಿ ನಿಂತಾಗ ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ. ಗಂಟೆಗೆ 3 ಲೀಟರಿನ ಬದಲು 2 ಲೀಟರಿನ ಆಸುಪಾಸು ಬಂದರೆ, ಗಾಡಿ ಬಹಳ ಹೊತ್ತು ಸುಮ್ಮನೆ ನಿಂತು ಉರಿಯುತ್ತಿದೆ ಎಂದೇ ತಿಳಿಯಿರಿ.

ಎರಡು ಪಾಳಿ ನಡೆಸುವುದಾದರೆ ಒಂದು ಲೆಡ್ ಆ್ಯಸಿಡ್ ಬ್ಯಾಟರಿ ಸಾಲದು. 8 ಗಂಟೆ ಕೆಲಸ, 8 ಗಂಟೆ ಚಾರ್ಜ್, 8 ಗಂಟೆ ತಣ್ಣಗಾಗುವುದು, ಇದು ಅದರ ದಿನಚರಿ. ಎರಡನೆಯ ಬ್ಯಾಟರಿ ಇಟ್ಟುಕೊಂಡರೆ ಒಂದೂವರೆ ಟನ್ ತೂಕದ ಪೆಟ್ಟಿಗೆಯನ್ನು ದಿನಾ ಎತ್ತಿ ಬದಲಿಸಲು ಕ್ರೇನೋ ರೋಲರ್ ಸ್ಟ್ಯಾಂಡೋ ಬೇಕು. ಎರಡು ಪಾಳಿಯವರು ಲಿಥಿಯಂ ಕೇಳುವುದು ಇದಕ್ಕೇ. ಚಾರ್ಜರಿಗೆ ತ್ರೀ ಫೇಸ್, 12 ಕೆವಿಎ ಆಸುಪಾಸು ಬೇಕಾಗುತ್ತದೆ. ಗಾಡಿ ಬುಕ್ ಮಾಡುವ ಮೊದಲೇ ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಹೊಸ ಕೋಲ್ಡ್ ಸ್ಟೋರೇಜ್ ಕಟ್ಟುತ್ತಿದ್ದೇವೆ. ಈ ಸಲ ಹಮಾಲರ ಬೆನ್ನಿನ ಮೇಲಲ್ಲ, ಪ್ಯಾಲೆಟ್ಟಿನಲ್ಲಿ ಚೀಲ ಏರಿಸುವ ಯೋಚನೆ. ಒಳಗೆ ಯಾವ ಗಾಡಿ? ಬಾಗಿಲ ಹೊರಗಡೆಗೆ ಈಗಿರುವ ಡೀಸೆಲ್ ಗಾಡಿಯನ್ನೇ ಇಟ್ಟುಕೊಳ್ಳಬಹುದೇ?

ಉತ್ತರ: ಹೊರಗೆ ಇಟ್ಟುಕೊಳ್ಳಿ. ಒಳಗೆ ಮಾತ್ರ ಡೀಸೆಲ್ ಬೇಡವೇ ಬೇಡ. ಚೇಂಬರಿನ ಗಾಳಿ ಹೊರಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಮಸಿಯೂ ವಾಸನೆಯೂ ಚೀಲಕ್ಕೆ ಹಿಡಿದರೆ ಬಿಡುವುದಿಲ್ಲ. ಬಣ್ಣ ನೋಡಿ ದರ ಕಟ್ಟುವ ಮಾಲು ನಿಮ್ಮದು. ಒಳಗೆ ಕೆಲಸ ಮಾಡುವವರ ಮಾತು ಅದಕ್ಕಿಂತ ದೊಡ್ಡದು: ಡೀಸೆಲ್ ಎಂಜಿನ್ನಿನ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ.

ಕಟ್ಟಡ ಇನ್ನೂ ಏಳುತ್ತಿದೆ ಎಂದಿದ್ದೀರಿ. ಹಾಗಾದರೆ ಮೊದಲು ಗಾಡಿ ಆರಿಸಿ, ಆಮೇಲೆ ರ‍್ಯಾಕಿನ ನಕ್ಷೆ ಮಾಡಿಸಿ. 2-3 ಟನ್ನಿನ ನಾಲ್ಕು ಚಕ್ರದ ಗಾಡಿ ಪ್ಯಾಲೆಟ್ ಹೊತ್ತು ತಿರುಗಲು ರ‍್ಯಾಕುಗಳ ನಡುವೆ ಹತ್ತಿರ ಹತ್ತಿರ 4 ಮೀಟರ್ ದಾರಿ ಬೇಕು. ಮೂರು ಚಕ್ರದ ಎಲೆಕ್ಟ್ರಿಕ್ಕಿಗೆ 3.3 ಮೀಟರ್ ಆಸುಪಾಸು, ಫೋರ್ಕನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದುಕೊಳ್ಳುವ ರೀಚ್ ಟ್ರಕ್ಕಿಗೆ 3 ಮೀಟರ್ ಒಳಗೇ ಸಾಕು. ಪ್ರತಿ ಓಣಿಯಲ್ಲಿ ಒಂದು ಮೀಟರ್ ಉಳಿದರೆ ಇಡೀ ಚೇಂಬರಿನಲ್ಲಿ ಎಷ್ಟು ಚೀಲ ಹೆಚ್ಚು ಹಿಡಿಯುತ್ತದೆ, ನೀವೇ ಗುಣಿಸಿ ನೋಡಿ. ಆ ಜಾಗವನ್ನು ವರ್ಷವಿಡೀ ದುಡ್ಡು ಕೊಟ್ಟು ತಂಪಾಗಿಡುವವರು ನೀವು. ರೀಚ್ ಟ್ರಕ್ಕಿನ ಚಕ್ರ ಚಿಕ್ಕದು, ಗಟ್ಟಿ. ನೆಲದ ಕಾಂಕ್ರೀಟಿನಲ್ಲಿ ಏರುಪೇರಿದ್ದರೆ 6 ಮೀಟರ್ ಮೇಲೆ ಮಾಸ್ಟ್ (ಫೋರ್ಕನ್ನು ಏರಿಸಿ ಇಳಿಸುವ ಕಂಬ) ತೂಗಾಡುತ್ತದೆ. ನೆಲ ಹಾಕುವ ಮೇಸ್ತ್ರಿಗೆ ಇದನ್ನು ಈಗಲೇ ಹೇಳಿ. ಆಮೇಲೆ ಉಜ್ಜಿ ಸರಿಮಾಡುವುದು ತುಂಬಾ ದುಬಾರಿ.

4ರಿಂದ 6 ಡಿಗ್ರಿಯಲ್ಲಿ ಲೆಡ್ ಆ್ಯಸಿಡ್ ಬ್ಯಾಟರಿಯ ಸಾಮರ್ಥ್ಯ ಐದರಲ್ಲೊಂದು ಪಾಲು ಕುಗ್ಗುತ್ತದೆ ಎಂದು ಹಿಡಿದು ದೊಡ್ಡದನ್ನೇ ಹಾಕಿಸಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಒಳಗೆ ಲೋಹದ ಪದರ ಕಟ್ಟಿ ಶಾಶ್ವತವಾಗಿ ಕೆಡುತ್ತದೆ. ನಿಮ್ಮ ಚೇಂಬರ್ ಅಷ್ಟು ತಣ್ಣಗಿಲ್ಲ, ಆದರೂ ಚಾರ್ಜಿಂಗನ್ನು ಮುಂಗೋಣೆಯಲ್ಲೇ ಇಡಿ.

ಇಂಥ ಕಡೆ ಗಾಡಿ ಕೆಡುವುದು ಚಳಿಗಲ್ಲ, ನೀರಿಗೆ. ತಣ್ಣಗಿನ ಗಾಡಿ ಬ್ಯಾಡಗಿಯ ಏಪ್ರಿಲ್ ಬಿಸಿಲಿಗೆ ಬಂದ ಕ್ಷಣ ಮೈಮೇಲೆಲ್ಲ ಹನಿ ಕಟ್ಟುತ್ತದೆ. ಕಂಟ್ರೋಲರ್ ಒಳಗೂ ಕನೆಕ್ಟರಿನ ಪಿನ್ನಿಗೂ ಅದೇ ಹನಿ. ದಿನಕ್ಕೆ ಇಪ್ಪತ್ತು ಸಲ ಒಳಗೂ ಹೊರಗೂ ಓಡಾಡುವ ಗಾಡಿಯಲ್ಲಿ ಪಿನ್ ಹಸಿರುಗಟ್ಟಿ ಬೇಡದ ಎರರ್ ಕೋಡ್ ಬರತೊಡಗುತ್ತದೆ. ಒಳಗಿನ ಗಾಡಿ ಒಳಗೇ ಇರಲಿ, ಹೊರಗಿನದು ಹೊರಗೇ. ಮಾಲು ಕೈಬದಲಾಗುವುದು ಮುಂಗೋಣೆಯಲ್ಲಿ. ಹಾಗೆ ನೋಡಿದರೆ ನಿಮ್ಮ ಹಳೆಯ ಡೀಸೆಲ್ ಗಾಡಿಗೆ ಇನ್ನೂ ಕೆಲಸವಿದೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಪ್ಯಾಕೇಜಿಂಗ್ ಘಟಕದ 2 ಟನ್ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟಿನ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟಿತು. ಮಧ್ಯಾಹ್ನದ ಹೊತ್ತಿಗೇ ನಿಲ್ಲುತ್ತದೆ. ದಿನಾ ಬೆಳಗ್ಗೆ ನೀರು ತುಂಬಿಸುತ್ತೇವೆ, ಊಟದ ಬಿಡುವಿನಲ್ಲೂ ಚಾರ್ಜಿಗೆ ಹಾಕುತ್ತೇವೆ. ಇಷ್ಟು ನೋಡಿಕೊಂಡರೂ ಯಾಕೆ ಹೀಗೆ?

ಉತ್ತರ: ನೋಡಿಕೊಂಡದ್ದು ಹೆಚ್ಚಾಯಿತು, ಅದೂ ತಪ್ಪು ಹೊತ್ತಿನಲ್ಲಿ.

ಲೆಡ್ ಆ್ಯಸಿಡ್ ಬ್ಯಾಟರಿಗೆ ನೀರು ಹಾಕುವುದು ಚಾರ್ಜ್ ಪೂರ್ತಿ ಆದ ಮೇಲೆ. ಚಾರ್ಜ್ ಆಗುವಾಗ ದ್ರವ ಹಿಗ್ಗುತ್ತದೆ, ಕೊನೆಯ ಹಂತದಲ್ಲಿ ಗುಳ್ಳೆ ಏಳುತ್ತದೆ. ಮೊದಲೇ ತುಂಬಿಸಿದ್ದರೆ ಮುಚ್ಚಳದ ತೂತಿನಿಂದ ಆ್ಯಸಿಡ್ ಉಕ್ಕಿ ಹೊರಗೆ ಹೋಗುತ್ತದೆ. ಮರುದಿನ ಮತ್ತೆ ನೀರು, ಮತ್ತೆ ಉಕ್ಕು. ಹೀಗೆ ಆರು ತಿಂಗಳಾದರೆ ಸೆಲ್‌ನಲ್ಲಿ ಉಳಿಯುವುದು ತೆಳು ಆ್ಯಸಿಡ್. ಬ್ಯಾಟರಿಯ ಮೇಲ್ಭಾಗ ಒದ್ದೆಯಾಗಿ, ಪೆಟ್ಟಿಗೆಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿ, ತಗಡು ತುಕ್ಕು ಹಿಡಿದಿದ್ದರೆ ಇದೇ ರೋಗ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ನೀರನ್ನು ಚಾರ್ಜಿಗೆ ಮೊದಲೇ ಹಾಕಬೇಕು. ಡಿಸ್ಟಿಲ್ಡ್ ಅಥವಾ ಡಿ.ಎಂ. ವಾಟರ್ ಬಿಟ್ಟು ಬೇರೆ ಯಾವುದೂ ಬೇಡ. ಕುಡಿಯುವ ಫಿಲ್ಟರ್ ನೀರೂ ಆಗುವುದಿಲ್ಲ. ಇನ್ನು ಆ್ಯಸಿಡ್ ತಂದು ಸುರಿಯುವ ಯೋಚನೆ ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಬಂದೀತು, ಹಾಗೆ ಮಾಡಲು ಬಿಡಬೇಡಿ.

ಊಟದ ಬಿಡುವಿನ ಚಾರ್ಜ್ ಎರಡನೆಯ ತಪ್ಪು. ಮೊಬೈಲಿನ ಅಭ್ಯಾಸ ಇದು. ಪ್ರತಿ ಸಲ ಚುಚ್ಚಿದಾಗಲೂ ಬ್ಯಾಟರಿ ಬಿಸಿಯಾಗುತ್ತದೆ. ಪೂರ್ತಿ ತುಂಬದೆ ಎತ್ತಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆಂದೇ ಮಾಡಿದ ಚಾರ್ಜರ್ ಇಲ್ಲದಿದ್ದರೆ ದಿನಕ್ಕೆ ಒಂದೇ ಚಾರ್ಜ್, ಅದೂ ಕೊನೆಮುಟ್ಟ. ವಾರಕ್ಕೊಮ್ಮೆ, ಶನಿವಾರ ರಾತ್ರಿ ಈಕ್ವಲೈಸಿಂಗ್ ಚಾರ್ಜ್ (ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುವ ಹೆಚ್ಚುವರಿ ಚಾರ್ಜ್). ಬ್ಯಾಟರಿ ದ್ರವ 45 ಡಿಗ್ರಿ ದಾಟಿದ್ದರೆ ಚಾರ್ಜಿಗೆ ಹಾಕದೆ ಕಾಯಿರಿ.

ಈಗಿನ ಬ್ಯಾಟರಿಯನ್ನು ಗುಜರಿಗೆ ಹಾಕುವ ಮೊದಲು ಒಂದು ಪರೀಕ್ಷೆ. ನಿಮ್ಮದು 48 ವೋಲ್ಟಿನದಾದರೆ 24 ಸೆಲ್ ಇರುತ್ತವೆ. ಪೂರ್ತಿ ಚಾರ್ಜ್ ಮಾಡಿ, ಒಂದೆರಡು ಗಂಟೆ ಬಿಟ್ಟು, ಹೈಡ್ರೋಮೀಟರಿನಲ್ಲಿ (ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) 24ನ್ನೂ ಅಳೆದು ನಂಬರ್ ಹಾಕಿ ಬರೆಯಿರಿ. 1.280 ಆಸುಪಾಸು ಇದ್ದರೆ ಆರೋಗ್ಯ. ಎಲ್ಲವೂ ಒಂದೇ ಸಮ 1.220ಕ್ಕೆ ನಿಂತಿದ್ದರೆ ಆ್ಯಸಿಡ್ ಉಕ್ಕಿ ಹೋಗಿರಬೇಕು, ಇಲ್ಲವೇ ಸಲ್ಫೇಟ್ ಕೂತಿರಬೇಕು. ಈಕ್ವಲೈಸಿಂಗ್ ಮಾಡಿ ಮತ್ತೆ ಅಳೆಯಿರಿ. 22 ಚೆನ್ನಾಗಿದ್ದು ಎರಡು ಮಾತ್ರ 1.180 ತೋರಿಸಿದರೆ ಕೆಟ್ಟದ್ದು ಆ ಎರಡು ಸೆಲ್. ಅಷ್ಟನ್ನೇ ಬದಲಿಸಲು ಬರುತ್ತದೆ. ಇಡೀ ಬ್ಯಾಟರಿ ಹೋಯಿತು ಎಂದು ಹೇಳುವವರು ಈ 24 ಅಂಕಿಗಳ ಪಟ್ಟಿ ತೋರಿಸಿದರಷ್ಟೇ ನಂಬಿ.

ಮೇಲ್ಭಾಗದ ಆ್ಯಸಿಡ್ ತೊಳೆಯಲು ಅಡುಗೆ ಸೋಡಾ ಕರಗಿಸಿದ ನೀರು ಸಾಕು. ಸೆಲ್ ಮುಚ್ಚಳಗಳೆಲ್ಲ ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋದರೆ ಆ ಸೆಲ್ ಕೆಟ್ಟಿತು. ನೊರೆ ಬರುವುದು ನಿಂತ ಮೇಲೆ ಸಾದಾ ನೀರಿನಿಂದ ತೊಳೆದು ಒರೆಸಿ. ಕನ್ನಡಕ, ಗ್ಲೌಸ್ ಹಾಕಿಕೊಂಡೇ ಮಾಡಿ. ಉಂಗುರ, ಕಡಗ, ವಾಚು ತೆಗೆದಿಡಿ. ಸ್ಪ್ಯಾನರ್ ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದರೆ ಅದು ಕೆಂಪಗೆ ಕಾದು ವೆಲ್ಡ್ ಆಗುವಷ್ಟು ಕರೆಂಟ್ ಅಲ್ಲಿರುತ್ತದೆ. ಚಾರ್ಜಿನ ಹೊತ್ತಿನಲ್ಲಿ ಹೈಡ್ರೋಜನ್ ಏಳುತ್ತದೆ, ಗಾಳಿಯಲ್ಲಿ ಶೇ. 4 ಸೇರಿದರೆ ಕಿಡಿಗೆ ಕಾಯುತ್ತಿರುತ್ತದೆ. ಹಗುರವಾದ್ದರಿಂದ ಚಾವಣಿಗೆ ಹೋಗಿ ನಿಲ್ಲುತ್ತದೆ. ಎಗ್ಸಾಸ್ಟ್ ಫ್ಯಾನ್ ಮೇಲಿರಲಿ, ಬ್ಯಾಟರಿ ಪೆಟ್ಟಿಗೆಯ ಮೇಲಿನ ಗಾಡಿಯ ಮುಚ್ಚಳ (ಸೆಲ್ ಮುಚ್ಚಳವಲ್ಲ) ತೆರೆದಿರಲಿ, ಪ್ಲಗ್ ಕೀಳುವ ಮೊದಲು ಚಾರ್ಜರ್ ಆಫ್ ಆಗಿರಲಿ.

ಪ್ರಶ್ನೆ: ದಾಬಸ್‌ಪೇಟೆಯ ಗೋದಾಮಿನಲ್ಲಿ 3 ಟನ್ ಗಾಡಿಯ ಹಳೆಯ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿದೆವು. ಹಿಂದೆ ಸಲೀಸಾಗಿ ಎತ್ತುತ್ತಿದ್ದ ಲೋಡಿಗೆ ಈಗ ಹಿಂದಿನ ಚಕ್ರ ಏಳುತ್ತಿದೆ. ಹಾಕಿಕೊಟ್ಟವರು ಆಪರೇಟರಿನ ತಪ್ಪು ಎನ್ನುತ್ತಾರೆ.

ಉತ್ತರ: ಗಾಡಿಯನ್ನು ಇವತ್ತೇ ನಿಲ್ಲಿಸಿ. ಆಪರೇಟರಿನ ತಪ್ಪಲ್ಲ, ತೂಕದ ತಪ್ಪು.

ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟಿನಲ್ಲಿ ಬ್ಯಾಟರಿ ಎಂದರೆ ಕರೆಂಟಿನ ಪೆಟ್ಟಿಗೆಯೂ ಹೌದು, ತಕ್ಕಡಿಯ ತೂಗುಕಲ್ಲೂ ಹೌದು. ಹಳೆಯದು 1,500 ಕೆ.ಜಿ. ಇದ್ದು ಹೊಸ ಪ್ಯಾಕ್ 500 ಕೆ.ಜಿ. ಇದ್ದರೆ ಸಾವಿರ ಕೆ.ಜಿ. ಮಾಯ. ಆ ತೂಕ ಮುಂದಿನ ಆಕ್ಸಲ್ಲಿನಿಂದ 85 ಸೆಂ.ಮೀ. ಹಿಂದೆ ಕೂತಿತ್ತು ಎನ್ನಿ. ಲೋಡು ಅದೇ ಆಕ್ಸಲ್ಲಿನಿಂದ 95 ಸೆಂ.ಮೀ. ಮುಂದೆ: ಫೋರ್ಕಿನ ಬೆನ್ನಿನವರೆಗೆ 45, ಅಲ್ಲಿಂದ ಲೋಡ್ ಸೆಂಟರಿಗೆ (ಲೋಡಿನ ತೂಕದ ನಡುಬಿಂದು) 50. 1,000 × 85 ÷ 95, ಸುಮಾರು 900 ಕೆ.ಜಿ. ಅಂದರೆ 3 ಟನ್ ಎಂದು ಬರೆದಿರುವ ನಿಮ್ಮ ಗಾಡಿ ತೂಕದ ಲೆಕ್ಕದಲ್ಲಿ ಈಗ 2.1 ಟನ್ನಿನದು.

ಗಾಡಿಯ ತಗಡಿನ ಪ್ಲೇಟಿನಲ್ಲಿ ಬ್ಯಾಟರಿಯ ಕನಿಷ್ಠ ಮತ್ತು ಗರಿಷ್ಠ ತೂಕ ಕೆತ್ತಿರುತ್ತದೆ. ಲಿಥಿಯಂ ಪ್ಯಾಕ್ ಆ ಕನಿಷ್ಠಕ್ಕೆ ಬರುವಷ್ಟು ಉಕ್ಕಿನ ಪ್ಲೇಟುಗಳನ್ನು ಬ್ಯಾಟರಿ ಪೆಟ್ಟಿಗೆಯ ಒಳಗೇ ಬೋಲ್ಟ್ ಹಾಕಿ ಕೂರಿಸಬೇಕು. ಹಿಂದಿನ ಕೌಂಟರ್‌ವೇಟಿಗೆ ಚಪ್ಪಡಿ ಕಟ್ಟುವುದು ಪರಿಹಾರವಲ್ಲ. ಸ್ಟೀರಿಂಗ್ ಆಕ್ಸಲ್ಲಿನ ಮೇಲೆ ಲೆಕ್ಕಕ್ಕಿಲ್ಲದ ಭಾರ ಬೀಳುತ್ತದೆ. ಪ್ಯಾಕನ್ನು ವೇಬ್ರಿಜ್ಜಿನಲ್ಲಿ ತೂಗಿಸಿ ಚೀಟಿ ಕೊಡಿ ಎಂದು ಹಾಕಿಕೊಟ್ಟವರನ್ನು ಕೇಳಿ, ಗಾಡಿ ಮಾಡಿದ ಕಂಪನಿಯಿಂದ ಲಿಖಿತ ಒಪ್ಪಿಗೆಯನ್ನೂ ಕೇಳಿ.

ಕೈಹಾಕಿದ್ದೀರಿ ಎಂದ ಮೇಲೆ ಇನ್ನೆರಡು ನೋಡಿ. ಹಳೆಯ ಚಾರ್ಜರನ್ನು ಲಿಥಿಯಂಗೆ ಬಳಸುವಂತಿಲ್ಲ. ಮತ್ತೆ, ಚಾರ್ಜ್ ಮುಗಿಯುತ್ತಿದ್ದಂತೆ ಪ್ಯಾಕಿನ ಬಿ.ಎಂ.ಎಸ್. (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಮುನ್ಸೂಚನೆ ಕೊಟ್ಟು ನಿಧಾನ ಮಾಡುತ್ತದೋ, ಇಲ್ಲ ಗಕ್ಕನೆ ಕಡಿದುಬಿಡುತ್ತದೋ? ಗಾಡಿಯ ಕಂಟ್ರೋಲರಿಗೂ ಅದಕ್ಕೂ ಮಾತುಕತೆ ಇಲ್ಲದಿದ್ದರೆ ಪ್ಯಾಲೆಟ್ 4 ಮೀಟರ್ ಮೇಲಿರುವಾಗಲೇ ಕರೆಂಟ್ ಹೋಗಬಹುದು.

ಪ್ರಶ್ನೆ: ಇಳಕಲ್ಲಿನಲ್ಲಿ ಗ್ರಾನೈಟ್ ಯಾರ್ಡ್. ಈಗ ಎಲ್ಲರೂ ಎಲೆಕ್ಟ್ರಿಕ್ ಅನ್ನುತ್ತಿದ್ದಾರೆ, ನಾವೂ ಬದಲಿಸಬೇಕೇ?

ಉತ್ತರ: ಬೇಡ. ಗುಂಡಿಬಿದ್ದ ನೆಲ, ಕಲ್ಲಿನ ಕೆಸರು, ಮಳೆ, ಇಳಿಜಾರು, ಭಾರೀ ಲೋಡು, ಇದು ಡೀಸೆಲ್ಲಿನ ಜಾಗ. ಡೀಸೆಲ್ ಗಾಡಿ ಶೇ. 20ರ ಏರು ಹತ್ತಿದರೆ ಎಲೆಕ್ಟ್ರಿಕ್ ಶೇ. 15ರ ಆಸುಪಾಸು, ಅದೂ ಸ್ವಲ್ಪ ಹೊತ್ತು. ಉದ್ದ ಏರಿನಲ್ಲಿ ಮೋಟಾರ್ ಕಾದು ಕಂಟ್ರೋಲರ್ ತಾನೇ ಶಕ್ತಿ ತಗ್ಗಿಸುತ್ತದೆ. ನಿಮ್ಮ ದುಡ್ಡು ಹೋಗುವುದು ಬಹುಶಃ ಏರ್ ಫಿಲ್ಟರಿನಲ್ಲಿ. ಹೊರಗಿನ ಎಲಿಮೆಂಟನ್ನು ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ಗಾಳಿಯಲ್ಲಿ ಊದಿ. ಒಳಗಿನ ಸಣ್ಣ ಎಲಿಮೆಂಟನ್ನು ಎಂದೂ ಊದಬೇಡಿ, ಬದಲಿಸಿ. ಅದು ಹರಿದು ಗ್ರಾನೈಟ್ ಪುಡಿ ಒಳಹೋದರೆ ರಿಂಗೂ ಲೈನರೂ ಕೆಲವೇ ವಾರದಲ್ಲಿ ಸವೆಯುತ್ತವೆ.

ಪ್ರಶ್ನೆ: (ಊರು ಬೇಡ ಎಂದಿದ್ದಾರೆ) ಗ್ಯಾಸ್ ಗಾಡಿಗೆ ಮನೆ ಬಳಕೆಯ ಸಿಲಿಂಡರ್ ಜೋಡಿಸಿ ಓಡಿಸುತ್ತಿದ್ದೇವೆ. ಹೊಗೆಯಿಲ್ಲ, ಅಗ್ಗ. ಆದರೆ ಅರ್ಧ ಗಂಟೆಗೆ ಎಂಜಿನ್ ಸೊರಗಿ ನಿಲ್ಲುತ್ತದೆ.

ಉತ್ತರ: 14.2 ಕೆ.ಜಿ.ಯ ಗೃಹಬಳಕೆ ಸಿಲಿಂಡರನ್ನು ಹೀಗೆ ಬಳಸುವುದು ಕಾನೂನಿಗೆ ವಿರುದ್ಧ. ಮೊದಲು ಅದನ್ನು ಕಳಚಿ. ನಿಲ್ಲುವುದಕ್ಕೆ ಕಾರಣ ಸರಳ. ಒಲೆಯ ಸಿಲಿಂಡರ್ ಆವಿಯನ್ನು ಕೊಡುತ್ತದೆ, ಫೋರ್ಕ್‌ಲಿಫ್ಟಿನ ಸಿಲಿಂಡರ್ ದ್ರವವನ್ನು ಕೊಡುತ್ತದೆ. ಆ ದ್ರವ ಎಂಜಿನ್ನಿನ ಬಿಸಿನೀರಿನಿಂದ ಕಾಯುವ ವೇಪೊರೈಸರಿನಲ್ಲಿ ಆವಿಯಾಗುತ್ತದೆ. ಒಲೆಯ ಸಿಲಿಂಡರಿನಿಂದ ಎಂಜಿನ್ನಿನ ವೇಗಕ್ಕೆ ಆವಿ ಎಳೆದರೆ ಅದು ತಣ್ಣಗಾಗಿ ಮೈಮೇಲೆ ಹಿಮ ಕಟ್ಟಿ ಒತ್ತಡ ಬೀಳುತ್ತದೆ. ಹೊಗೆ ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲ ಎಂದಲ್ಲ. ಟ್ಯೂನಿಂಗ್ ತಪ್ಪಿದ ಗ್ಯಾಸ್ ಎಂಜಿನ್ ಡೀಸೆಲ್ಲಿಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಧ್ಯಾಹ್ನದ ಮೇಲೆ ಕೆಲಸಗಾರರಿಗೆ ತಲೆನೋವು ಬರುತ್ತಿದೆಯೇ, ಕೇಳಿ ನೋಡಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಲೋಡಿಂಗ್ ಗುಂಡಿಯಲ್ಲೋ ಮೋರಿಯಲ್ಲೋ ಹೋಗಿ ಕೂರುತ್ತದೆ.

ಪ್ರಶ್ನೆ: ದಾವಣಗೆರೆಯಿಂದ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದೇವೆ. ಒಂದು ಡೀಸೆಲ್, ಒಂದು ಎಲೆಕ್ಟ್ರಿಕ್. ಏನೇನು ಪರೀಕ್ಷಿಸಬೇಕು?

ಉತ್ತರ: ಡೀಸೆಲ್ ಗಾಡಿಯನ್ನು ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಕಾಯಿಸಿಟ್ಟಿದ್ದರೆ ಅನುಮಾನಿಸಿ, ಬಾನೆಟ್ ಮುಟ್ಟಿ ನೋಡಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದನ್ನು ಕಣ್ಣಾರೆ ನೋಡಿ. ಕಾದ ಮೇಲೆ ಆಯಿಲ್ ಮುಚ್ಚಳ ತೆರೆದಾಗ ಹೊಗೆ ರಭಸವಾಗಿ ಉಗಿದರೆ ರಿಂಗ್ ಸವೆದಿದೆ. ಎಲೆಕ್ಟ್ರಿಕ್ಕಿನಲ್ಲಿ ಗಾಡಿಗಿಂತ ಬ್ಯಾಟರಿಯನ್ನೇ ಕೊಳ್ಳುತ್ತಿದ್ದೀರಿ ಎಂದುಕೊಳ್ಳಿ: ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷ, ಪೀಣ್ಯದ ಓದುಗರಿಗೆ ಹೇಳಿದ ಹೈಡ್ರೋಮೀಟರ್ ಪಟ್ಟಿ, ಮತ್ತು ಪೂರ್ತಿ ಚಾರ್ಜಿನಿಂದ ಲೋಡು ಹೊತ್ತು ಕನಿಷ್ಠ 3 ಗಂಟೆ ಓಡಿಸಿ ನೋಡುವುದು. ಬ್ಯಾಟರಿ ಹಳೆಯದಾದರೆ ಹೊಸದರ ಬೆಲೆಯನ್ನು ಪೂರ್ತಿ ಕಳೆದು ಚೌಕಾಸಿ ಮಾಡಿ.

ಮಿಕ್ಕದ್ದು ಎರಡಕ್ಕೂ ಒಂದೇ. ಫೋರ್ಕ್ ಎಲ್ ಆಕಾರದಲ್ಲಿ ಬಗ್ಗುವ ಮೂಲೆಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ, ನೆಲಕ್ಕೆ ಉಜ್ಜದ ಲಂಬ ಭಾಗದ ದಪ್ಪದೊಂದಿಗೆ ಹೋಲಿಸಿ. ಶೇ. 10 ಸವೆದಿದ್ದರೆ, ಅಂದರೆ 45 ಮಿ.ಮೀ. ಇದ್ದದ್ದು 40.5ಕ್ಕೆ ಬಂದಿದ್ದರೆ, ಆ ಫೋರ್ಕಿನ ಬಲ ಐದರಲ್ಲೊಂದು ಪಾಲು ಹೋಗಿರುತ್ತದೆ, ಬದಲಿಸಲೇಬೇಕು. ಅಲ್ಲಿ ವೆಲ್ಡಿಂಗಿನ ಗುರುತು ಕಂಡರೆ ಅಳೆಯುವ ಗೋಜಿಗೂ ಹೋಗಬೇಡಿ.

ಆಮೇಲೆ ಮಾಸ್ಟಿನ ಚೈನು. ಸ್ವಲ್ಪ ಭಾರ ಎತ್ತಿ ಚೈನು ಬಿಗಿಯಾದಾಗ, ರೋಲರಿನ ಮೇಲೆ ಹೆಚ್ಚು ಓಡಾಡುವ ಭಾಗದಲ್ಲಿ 16 ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಒಂದು ಪಿಚ್) ಅಳೆಯಿರಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ. ಮುಕ್ಕಾಲು ಇಂಚು ಪಿಚ್ಚಿನ ಚೈನಾದರೆ ಹೊಸದರಲ್ಲಿ 304.8 ಮಿ.ಮೀ. ಶೇ. 3 ಹಿಗ್ಗಿ 314ಕ್ಕೆ ಮುಟ್ಟಿದ್ದರೆ ಅದರ ಆಯುಸ್ಸು ಮುಗಿದಿದೆ. ಎರಡೂ ಬದಿಯ ಚೈನನ್ನು ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಕ್ಯಾರೇಜ್ ವಾಲಿ ಭಾರವೆಲ್ಲ ಹೊಸ ಚೈನಿನ ಮೇಲೇ ಬೀಳುತ್ತದೆ.